ಬಾಯಮ್ಮ, ನಾನು ಮತ್ತು ಸಿಲೋವಾ ಕೊಳ

ಟೈಲರ್ ಆದವಳು ಬಟ್ಟೆಯ ಮಾತಾಡಿದರೆ ಯಾರಿಗೂ ತೊಂದರೆ ಇಲ್ಲ. ನಾನು ನೀರಿನ ಮಾತು ತೆಗೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಅದೂ ಕುಡಿಯುವ ನೀರಲ್ಲ, ಬೈಬಲ್ಲಿನ ಕಾಲದ ನೀರು. ಗಲ್ಫಿನ ಉಮ್ಮ್ ಸಲಾಲ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ, ಸೋಮವಾರ ತಪ್ಪದೆ ಶಿವನಿಗೆ ದೀಪ ಹಚ್ಚುವ ತುಳು ಹೆಂಗಸಿಗೆ ಆ ನೀರಿನ ಗೊಡವೆ ಯಾಕೆ ಎಂದು ಕೇಳಿದವರು ಬಹಳ. ಯಾಕೆಂದರೆ ಓದಿದ್ದೇನೆ. ಏಳನೇ ಕ್ಲಾಸಿನಲ್ಲಿ ಶಾಲೆ ನನ್ನನ್ನು ಬಿಟ್ಟಿತು; ನಾನು ಓದನ್ನು ಬಿಡಲಿಲ್ಲ. ಅಷ್ಟೇ ಉತ್ತರ.

೧. ಹಕ್ಕುದಾರರು

ಅಂಗಡಿ ಉಮ್ಮ್ ಸಲಾಲ್‌ನಲ್ಲಾದರೂ ನಾನಿರುವುದು ಅಬು ಹಮೂರಿನ ಒಂದು ದೊಡ್ಡ ವಿಲ್ಲಾದಲ್ಲಿ. ದೊಡ್ಡದು ಎಂದು ಹೆದರಬೇಡಿ, ಅದನ್ನು ಗೋಡೆ ಹಾಕಿ ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಒಂದು ತುಂಡಿನಲ್ಲಿ ನಾನು. ಪಕ್ಕದ ತುಂಡಿನಲ್ಲಿ ಬಾಯಮ್ಮ ಮತ್ತು ಅವರ ಗಂಡ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. ಮಂಗಳೂರಿನವರು, ಇಲ್ಲಿಯ ಶಾಲೆಯೊಂದರಲ್ಲಿ ನರ್ಸ್ ಆಗಿದ್ದವರು, ನನಗಿಂತ ಹಿರಿಯರು.

ಒಂದು ಶುಕ್ರವಾರ, ಇಲ್ಲಿಯ ರಜೆಯ ದಿನ, ಅವರು ಚರ್ಚಿನಿಂದ ಬರುವಾಗ ಹಳೆ ಪುಸ್ತಕಗಳ ಮೇಜಿನಿಂದ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವೊಂದನ್ನು ಹೊತ್ತು ತಂದರು. ಬೈಬಲ್ಲಿನ ಊರುಗಳಲ್ಲಿ ಅಗೆದಾಗ ಸಿಕ್ಕ ಕೊಳ, ಬಾವಿ, ಕಾಲುವೆಗಳ ಪುಸ್ತಕ.

“ಚಿತ್ರ ದೊಡ್ಡದುಂಟು ಅಂತ ತಂದೆ. ಅಕ್ಷರ ನನಗೆ ಕಾಣುವುದಿಲ್ಲ. ನೀನು ಓದಿ ಹೇಳು ಮಾರಾಯ್ತಿ.”

ಅವರ ಕಣ್ಣು ಹೋಗುತ್ತಿತ್ತು. ಔಷಧಿ ಹಾಕಿದರೆ ನಿಧಾನವಾಗಿ ಹೋಗುತ್ತದೆ, ಹಾಕದಿದ್ದರೆ ಬೇಗ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ಜೆರೂಸಲೇಮಿನ ರಾಜ ಹಿಜ್ಕೀಯ. ಊರಿನ ಒರತೆ ಇರುವುದು ಕೋಟೆಯ ಹೊರಗೆ, ವೈರಿಗಳು ಬರುತ್ತಿದ್ದಾರೆ. ಆ ನೀರನ್ನು ಒಳಗೆ ತರಲು ಬಂಡೆಯ ಹೊಟ್ಟೆಯಲ್ಲೇ ದಾರಿ ಕೊರೆಸಿದ. ಎರಡು ಗುಂಪು ಎರಡು ತುದಿಯಿಂದ ಕಡಿಯುತ್ತ ಬಂದು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿ, ನಡುವೆ ಸೇರಿದರು. ನೀರು ಹರಿದು ಸಿಲೋವಾ ಕೊಳಕ್ಕೆ ಬಂತು.

ನಾನು ಮೇಜು ಗುದ್ದಿದೆ. “ಬಾಯಮ್ಮ, ಇದು ಸುರಂಗ! ಇದು ನಮ್ಮದು!”

ನಮ್ಮ ಪುತ್ತೂರು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೆಳಗೆ ತೋಡುವುದಿಲ್ಲ, ಅಡ್ಡಕ್ಕೆ ಕೊರೆಯುತ್ತಾರೆ. ಮುರಕಲ್ಲು ಎಂಬ ಕೆಂಪು ಕಲ್ಲಿನೊಳಗೆ ಕುಳಿತು ಕಡಿಯುತ್ತ ಹೋದರೆ ಎಲ್ಲೋ ಒಂದು ಕಡೆ ಗುಡ್ಡ ಬೆವರುತ್ತದೆ. ನನ್ನ ಅಪ್ಪ ಮಾಡುತ್ತಿದ್ದದ್ದು ಅದೇ ಕೆಲಸ. ಇದನ್ನೆಲ್ಲ ನಾನು ಎದ್ದು ನಿಂತು ವಿವರಿಸಿದೆ.

ಬಾಯಮ್ಮ ಶಾಂತವಾಗಿ ಕೇಳಿ, “ಅಂದರೆ ಜೆರೂಸಲೇಮಿನ ಮೇಲೆ ಪುತ್ತೂರಿನವರಿಗೂ ಹಕ್ಕುಂಟು ಅಂತಾಯಿತು. ಅಲ್ಲಿ ಮೊದಲೇ ಜಗಳ ಉಂಟು ಮಾರಾಯ್ತಿ, ನೀವು ಬೇರೆ ಹೋಗಬೇಡಿ,” ಎಂದರು.

ಆದರೆ ಹೋಗಬೇಕೆಂಬ ಆಸೆ ಹುಟ್ಟಿದ್ದು ಅವರಿಗೇ. ಆ ಕೊಳದಲ್ಲಿ ಮುಖ ತೊಳೆದ ಹುಟ್ಟುಕುರುಡನಿಗೆ ಕಣ್ಣು ಬಂದ ಕತೆ ಅವರಿಗೆ ಬಾಯಿಪಾಠ. ನಾನು ಅನುಮಾನದಿಂದ ನೋಡಿದೆ.

“ಗುಣ ಆಗಲಿ ಅಂತ ಅಲ್ಲ. ಕಣ್ಣಿರುವಾಗ ಆ ಜಾಗ ಒಮ್ಮೆ ನೋಡಬೇಕು, ಮುಖ ತೊಳೆಯಬೇಕು. ಕಣ್ಣು ಬಂದರೆ ಬಂತು. ಬಾರದಿದ್ದರೆ ಮುಖವಾದರೂ ಸ್ವಚ್ಛ ಆಯಿತಲ್ಲ!”

೨. ಆಳ

ಅಂದಿನಿಂದ ನನ್ನ ತಲೆಯಲ್ಲಿ ನೀರು ತುಂಬಿತು. ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ಓದುವುದು, ಸಂಜೆ ಬಂದ ಗಿರಾಕಿಗಳಿಗೆ ಹೇಳುವುದು.

ಇಂಜಿನಿಯರ್ ಒಬ್ಬರ ಹೆಂಡತಿ, ಮೈಸೂರಿನವರು, ಚೂಡಿದಾರ್ ಹೊಲಿಸಲು ಬಂದಿದ್ದರು. ಅಳತೆ ತೆಗೆಯುತ್ತ ಗಿಬ್ಯೋನಿನ ಕೊಳದ ವಿಷಯ ಶುರು ಮಾಡಿದೆ. ಬಂಡೆಯಲ್ಲಿ ಕೊರೆದ ದುಂಡನೆಯ ಗುಂಡಿ, ಗೋಡೆಗೆ ಸುತ್ತಿಕೊಂಡು ಇಳಿಯುವ ಮೆಟ್ಟಿಲು. ಅವರು ಪಾಪ, “ಹೌದಾ? ಹೌದಾ?” ಎನ್ನುತ್ತಿದ್ದರು. ಆ ಗುಂಗಿನಲ್ಲೇ ಬಟ್ಟೆಗೆ ಕತ್ತರಿ ಹಾಕಿದೆ.

ಹಾಕಿಕೊಂಡು ನೋಡಲು ಬಂದ ದಿನ ಪರದೆಯ ಹಿಂದೆ ಹೋದರು. ಆಮೇಲೆ ಶಾಲು ಹೊದ್ದುಕೊಂಡೇ ಹೊರಗೆ ಬಂದರು.

“ಏನ್ರೀ ಇದು, ಕತ್ತು ಇಷ್ಟು ಆಳ ಇಟ್ಟಿದ್ದೀರಿ?”

ತಪ್ಪೆಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. “ಗಿಬ್ಯೋನಿನದು ಇದಕ್ಕಿಂತಲೂ ಆಳ ಮೇಡಂ,” ಎಂದೆ.

“ಸರಿ ಹಾಗಾದ್ರೆ, ಮೆಟ್ಟಿಲೂ ಇಟ್ಟುಕೊಡಿ. ನಮ್ಮೆಜಮಾನ್ರು ಇಳಿದು ನೋಡ್ಕೊಂಡು ಬರಲಿ!”

೩. ಮಾಫಿ ಸುರಂಗ

ಹಿಜ್ಕೀಯನ ಸುರಂಗದಲ್ಲಿ ಈಗಲೂ ನೀರು ಹರಿಯುತ್ತದೆ, ಜನ ಅದರೊಳಗೆ ನಡೆಯುತ್ತಾರೆ ಎಂದು ಪುಸ್ತಕದಲ್ಲಿತ್ತು. ಇಕ್ಕಟ್ಟು, ಕತ್ತಲೆ. ಬಾಯಮ್ಮನಿಗೆ ಭಯ.

“ಪ್ರಾಕ್ಟೀಸ್ ಮಾಡಿದರೆ ಭಯ ಹೋಗುತ್ತದೆ,” ಎಂದೆ.

ನಮ್ಮ ವಿಲ್ಲಾದ ಹಿಂಬದಿಯಲ್ಲಿ ಒಂದು ಓಣಿಯಂಥ ಕಾರಿಡಾರ್ ಇದೆ. ಕಿಟಕಿ ಇಲ್ಲ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಸಂಜೆ ಅಲ್ಲಿಯ ದೀಪ ಆರಿಸಿ, ನಾನು ಟಾರ್ಚ್ ಹಿಡಿದು ಮುಂದೆ, ಬಾಯಮ್ಮ ನನ್ನ ಹೆಗಲು ಹಿಡಿದು ಹಿಂದೆ. ನಿಜದ ಅನುಭವ ಬರಲಿ ಎಂದು ಇಬ್ಬರೂ ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದೆವು.

ಅರ್ಧ ದಾರಿಯಲ್ಲಿ ವಾಚ್‌ಮ್ಯಾನ್ ಎದುರಾದ. ನೇಪಾಳದವನು. ನಮ್ಮನ್ನು ನೋಡಿ ಅವನ ಕೈಯಲ್ಲಿದ್ದ ಪೊರಕೆ ಬಿತ್ತು.

“ಕ್ಯಾ ಹುವಾ ಮೇಡಂ?”

“ಕುಛ್ ನಹೀಂ. ಸುರಂಗ್,” ಎಂದೆ ನನ್ನ ಹಿಂದಿಯಲ್ಲಿ. “ಸುರಂಗ್ ಕಾ ತಯ್ಯಾರಿ.”

ಹಿಂದಿಯಲ್ಲೂ ಸುರಂಗಕ್ಕೆ ಸುರಂಗವೇ ಎಂಬುದು ಆಗ ನನಗೆ ಅನುಕೂಲವಾಗಿ ಕಂಡಿತ್ತು. ಅವನು ನೇರ ಹೋಗಿ ಮಾಲೀಕರ ಮ್ಯಾನೇಜರಿಗೆ ಫೋನ್ ಮಾಡಿದ. ಹಿಂಬದಿಯ ಇಬ್ಬರು ಮೇಡಂಗಳು ಮನೆಯೊಳಗೆ ಸುರಂಗ ತೋಡುತ್ತಿದ್ದಾರೆ, ಸೀರೆ ಎತ್ತಿ ಕಟ್ಟಿ ಕೆಲಸ ಶುರುವಾಗಿದೆ ಎಂದು.

ಮ್ಯಾನೇಜರ್ ವಯಸ್ಸಾದ ಅರಬ, ನಗುವುದು ಕಡಿಮೆ. ಬಂದವರೇ ಬೂಟಿನ ಹಿಮ್ಮಡಿಯಿಂದ ಟೈಲ್ಸ್ ಕುಟ್ಟಿ ಕುಟ್ಟಿ ನೋಡಿದರು.

“ಟನಲ್ ಎಲ್ಲಿ?”

“ಮಾಫಿ ಟನಲ್, ಮಾಫಿ!” ಎಂದೆ. ಇಲ್ಲ ಎನ್ನಲು ನನಗೆ ಬರುತ್ತಿದ್ದ ಅರಬ್ಬಿ ಅದೊಂದೇ. ಬಾಯಮ್ಮ ಪುಸ್ತಕ ತಂದು ಚಿತ್ರ ತೋರಿಸಿ, “ಇಲ್ಲಿ ಅಲ್ಲ, ಜೆರೂಸಲೇಮಿನಲ್ಲಿ,” ಎಂದರು.

“ಅಲ್ ಕುದ್ಸ್,” ಎಂದರು ಅವರು. ಜೆರೂಸಲೇಮಿಗೆ ಅವರ ಹೆಸರು ಅದು. ಕನ್ನಡಕ ತೆಗೆದು ಒರೆಸಿ, ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಬೈಸಿಕೊಳ್ಳಲು ನಾವು ತಯಾರಾಗಿ ನಿಂತೆವು.

ಪುಸ್ತಕ ಮುಚ್ಚಿ ಬಾಯಮ್ಮನ ಕೈಗೆ ಕೊಟ್ಟು ಹೇಳಿದರು: “ನನ್ನ ತಾಯಿಯ ಮನೆ ಅಲ್ಲೇ ಹತ್ತಿರ. ನನ್ನನ್ನು ಗಡಿ ದಾಟಿ ಹೋಗಲು ಬಿಡುವುದಿಲ್ಲ. ಸಿಸ್ಟರ್, ನೀವು ನಿಜವಾಗಿಯೂ ತೋಡುವುದಾದರೆ ನನಗೂ ಹೇಳಿ. ಟೈಲ್ಸ್ ನಾನೇ ತೆಗೆಸಿಕೊಡುತ್ತೇನೆ.”

೪. ಕ್ಯಾನ್ಸಲ್

ಚರ್ಚಿನ ಕೆಲವರು ಸೇರಿ ಜೆರೂಸಲೇಮಿಗೆ ಯಾತ್ರೆ ಹೊರಡುವುದೆಂದಾಯಿತು. ಹೊರಡಿಸುವವರು ಮಂಗಳೂರಿನ ಒಬ್ಬರು ಪೊರ್ಬುಗಳು. ಬಾಯಮ್ಮ ಎಂಬುದರ ಗಂಡು ರೂಪ ಅದು. ಬಾಯಮ್ಮನ ಜೊತೆ ಅವರ ಸಭೆಗೆ ಹೋದ ನನ್ನನ್ನು ನೋಡಿ ಕೇಳಿದರು.

“ಅಕ್ಕ, ನೀವು ಯಾವ ಚರ್ಚ್?”

“ಚರ್ಚ್ ಇಲ್ಲ.”

“ಮತ್ತೆ ಎಂತಕ್ಕೆ ಬರುವುದು?”

“ನೀರು ನೋಡಲಿಕ್ಕೆ.”

“ನೀರು ನೋಡಲಿಕ್ಕೆ ಇಲ್ಲಿಯ ಅಲ್ ಖೋರ್ ಬೀಚ್ ಸಾಕಲ್ಲ ಅಕ್ಕ? ಬರುವಾಗ ಮೀನೂ ತರಬಹುದು.”

ಆಮೇಲೆ ಅವರು ಎಲ್ಲರಿಗೂ ಜಾಗಗಳ ಮಹಿಮೆ ವಿವರಿಸತೊಡಗಿದರು. ಕುರುಡನಿಗೆ ಕಣ್ಣು ಬಂದದ್ದು ಬೆತೆಸ್ದ ಕೊಳದಲ್ಲಿ ಎಂದುಬಿಟ್ಟರು. ಎದ್ದು ನಿಂತೆ.

“ಬೆತೆಸ್ದದಲ್ಲಿ ಇದ್ದವನು ನಡೆಯಲಾಗದವನು. ಕಣ್ಣಿನವನದ್ದು ಸಿಲೋವಾ.”

“ಎರಡೂ ಕೊಳವೇ ಅಲ್ವಾ ಅಕ್ಕ?”

“ಕಣ್ಣಿನ ರೋಗಿಯನ್ನು ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೀರಾ?”

ಬಾಯಮ್ಮ ನನ್ನ ಸೆರಗು ಎಳೆದು ಕೂರಿಸಿದರು. ಆದರೆ ಪೊರ್ಬುಗಳು ಒಳ್ಳೆಯವರು. ನಕ್ಕು, “ನಮಗೆ ಗೈಡ್ ಸಿಕ್ಕಿದರು,” ಎಂದರು. ಆ ರಾತ್ರಿ ಬಾಯಮ್ಮ ತಮ್ಮ ಹೊಸ ಬಿಳಿ ಟವೆಲೊಂದನ್ನು ತೆಗೆದಿಟ್ಟರು.

ಆಮೇಲೆ ಆ ಕಡೆ ಯುದ್ಧ ಶುರುವಾಯಿತು.

ಪೊರ್ಬುಗಳು ಫೋನ್ ಮಾಡಿ, “ಖಲಾಸ್ ಅಕ್ಕ. ಯಾತ್ರೆ ಇಲ್ಲ,” ಎಂದರು. ಮುಂದಿನ ವರ್ಷ ಹೋಗಬಹುದಾ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಟಿವಿಯಲ್ಲಿ ಜನ ಕುಡಿಯುವ ನೀರಿಗಾಗಿ ಡಬ್ಬ ಹಿಡಿದು ನಿಂತಿದ್ದರು, ನಾನು ಹಳೆಯ ಕೊಳ ನೋಡಲು ದಿನ ಕೇಳುತ್ತಿದ್ದೆ.

ಕಾದೆವು. ನಡುವೆ ಒಮ್ಮೆ ಹೋಗಬಹುದು ಎಂದರು, ಮತ್ತೆ ಬೇಡ ಎಂದರು. ಬಾಯಮ್ಮ ಎದುರಿಗೆ ಬಂದವರನ್ನು ಧ್ವನಿ ಕೇಳಿ ಗುರುತಿಸುವಷ್ಟಾಯಿತು.

ಒಂದು ದಿನ ಅವರು ನನ್ನ ಬಾಗಿಲಿಗೆ ಬಂದು ನಿಂತು, “ಕ್ಯಾನ್ಸಲ್ ಆಯಿತು ಮಾರಾಯ್ತಿ,” ಎಂದರು.

“ಗೊತ್ತುಂಟು ಬಾಯಮ್ಮ. ಪೊರ್ಬುಗಳು ಹೇಳಿದರು.”

“ಯಾತ್ರೆ ಅಲ್ಲ. ನಾವು.”

ಗಂಡನ ಕೆಲಸ ಮುಗಿದಿತ್ತು. ಕೆಲಸ ಮುಗಿದರೆ ವೀಸಾ ಕ್ಯಾನ್ಸಲ್, ವೀಸಾ ಕ್ಯಾನ್ಸಲ್ ಆದರೆ ಊರು. ಗಲ್ಫಿನಲ್ಲಿ ಮನುಷ್ಯರಿಗೂ ಟಿಕೆಟ್ಟಿಗೂ ಒಂದೇ ಶಬ್ದ.

೫. ಕೊಳ

ನಾನು ಹಟದವಳು. ಬಾಯಮ್ಮ ಕೊಳಕ್ಕೆ ಹೋಗಲಾಗದಿದ್ದರೆ ಕೊಳವನ್ನೇ ಇಲ್ಲಿಗೆ ತರುತ್ತೇನೆ ಎಂದೆ. ವಿಲ್ಲಾದ ಮುಂದಿನ ಹಾಲ್‌ನಲ್ಲಿ ಪ್ರೊಜೆಕ್ಟರಿನಿಂದ ಗೋಡೆ ತುಂಬ ದೊಡ್ಡದಾಗಿ ಚಿತ್ರ ಬಿಟ್ಟು, ನಾನೇ ವಿವರಿಸುವುದು, ಆಮೇಲೆ ಬೀಳ್ಕೊಡುಗೆಯ ಊಟ. ನಮ್ಮ ಊರಿನವರ ಗುಂಪಿಗೆ ಮೊಬೈಲಿನಲ್ಲಿ ಸಂದೇಶ ಹಾಕಿದೆ: ಶುಕ್ರವಾರ ಸಂಜೆ ನಮ್ಮಲ್ಲಿ ಸಿಲೋವಾ ಕೊಳ, ಎಲ್ಲರೂ ಬನ್ನಿ, ಊಟ ಉಂಟು.

ಇಲ್ಲಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ನಾನೂ ಹಾಗೆಯೇ ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕೊಳಕ್ಕೂ ಕೋಲಕ್ಕೂ ಭೇದ ಇಲ್ಲ. ಕೋಲ ಎಂದರೆ ನಮ್ಮಲ್ಲಿ ದೈವದ ಸೇವೆ. ದೈವ ಮೈಮೇಲೆ ಬಂದು ಕುಣಿದು, ಜನರ ಕಷ್ಟ ಕೇಳಿ ನುಡಿ ಹೇಳುವುದು.

ಗ್ಯಾರೇಜ್ ಇಟ್ಟಿರುವ ಉಡುಪಿಯ ಹಿರಿಯರೊಬ್ಬರು ಫೋನ್ ಮಾಡಿದರು. “ಅಕ್ಕ, ಈ ಸಿಲೋವಾ ಯಾವ ಊರಿನದ್ದು?”

“ಜೆರೂಸಲೇಮಿನದ್ದು.”

“ಅಬ್ಬಾ, ಅಷ್ಟು ದೂರದ್ದು! ಕಾರಣಿಕ ಉಂಟಾ?”

“ಉಂಟಲ್ಲ. ಕುರುಡನಿಗೆ ಕಣ್ಣು ಬಂದದ್ದು ಅಲ್ಲಿಯೇ.”

“ಹಾಗಾದರೆ ಮನೆಯವಳನ್ನೂ ಕರೆದುಕೊಂಡು ಬರುತ್ತೇನೆ.”

ಬೈಬಲ್ಲಿನ ಕೊಳಕ್ಕೆ ಇಷ್ಟು ಭಕ್ತಿಯೇ ಎಂದು ನಾನು ಹಿಗ್ಗಿದೆ.

ಶುಕ್ರವಾರ ಸಂಜೆ ಜನವೋ ಜನ. ಗಂಡಸರು ಬಿಳಿ ಪಂಚೆ ಉಟ್ಟಿದ್ದಾರೆ. ಹೆಂಗಸರ ಕೈಯಲ್ಲಿ ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆ. ಒಬ್ಬ ಎಳನೀರು ತಂದಿದ್ದಾನೆ. ಇನ್ನೊಬ್ಬ ನನ್ನ ಕಿವಿಯ ಹತ್ತಿರ ಬಂದು, “ಅಕ್ಕ, ಇಲ್ಲಿ ಡೋಲು ಬಾರಿಸಿದರೆ ಕಂಪ್ಲೇಂಟ್ ಆಗಬಹುದು. ಮೊಬೈಲಿನಲ್ಲಿ ಹಾಕಿದರೆ ನಡೆಯುತ್ತದಾ?” ಎಂದು ಕೇಳಿದ. ಆಗ ನನಗೆ ಎಲ್ಲ ಅರ್ಥವಾಯಿತು.

ಅರ್ಥವಾದರೂ ಬಿಡಲಿಲ್ಲ. ತಂದ ಮಲ್ಲಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ಎಲ್ಲರೂ ಬಾಯಮ್ಮನ ಮಡಿಲಲ್ಲಿ ಹಾಕಿದ್ದರು. ಅವರನ್ನು ಗೋಡೆಗೆ ತೀರ ಹತ್ತಿರ, ಕುರ್ಚಿಯಲ್ಲಿ ಕೂರಿಸಿದ್ದೆ. ಒರತೆ, ಸುರಂಗ, ಕಡಿದವರು, ಕೊಳ ಎಲ್ಲವನ್ನೂ ಹೇಳಿದೆ. ಸಿಲೋವಾದ ಕಲ್ಲಿನ ಮೆಟ್ಟಿಲುಗಳ ಚಿತ್ರ ಬಂದಾಗ ಬಾಯಮ್ಮ ಕೈ ಚಾಚಿದರು.

“ಬೆಳ್ಳಗೆ ಕಾಣುವುದು, ಇದು ಮೆಟ್ಟಿಲಾ?”

ಅವರ ಬೆರಳು ಇದ್ದದ್ದು ಚಿತ್ರದ ಹೊರಗೆ, ಬರಿಯ ಗೋಡೆಯ ಮೇಲೆ.

“ಹೌದು ಬಾಯಮ್ಮ. ಮೆಟ್ಟಿಲೇ,” ಎಂದೆ.

ಮಾತು ಮುಗಿಯಿತು. ಯಾರೂ ಏಳಲಿಲ್ಲ. ಗ್ಯಾರೇಜಿನ ಹಿರಿಯರು ಕೈ ಮುಗಿದುಕೊಂಡೇ ಕೇಳಿದರು: “ಎಲ್ಲ ಸರಿ ಅಕ್ಕ. ನುಡಿ ಯಾವಾಗ?”

ಕೊಳಕ್ಕೂ ಕೋಲಕ್ಕೂ ಇರುವ ಭೇದವನ್ನು ನಾನು ಹೇಳಲೇಬೇಕಾಯಿತು. ಆಮೇಲೆ ಎದ್ದ ನಗೆಗೆ ವಾಚ್‌ಮ್ಯಾನ್ ಓಡಿ ಬಂದ. ಆದರೆ ಹಿರಿಯರ ಹೆಂಡತಿಯ ಮುಖ ಸಪ್ಪಗಾಗಿತ್ತು. ಬಾಯಮ್ಮನಿಗೆ ಅದು ಹೇಗೆ ಕಂಡಿತೋ.

“ಇಷ್ಟು ಹೂ ತಂದಿದ್ದೀರಿ, ಬರಿಗೈಯಲ್ಲಿ ಕಳಿಸುವುದು ಹೇಗೆ? ಕೇಳಿ, ನನಗೆ ತಿಳಿದದ್ದು ಹೇಳುತ್ತೇನೆ.”

“ದೈವ ಕ್ಷಮಿಸಲಿ,” ಎಂದು ಹಣೆ ಮುಟ್ಟಿಕೊಂಡು ಹಿರಿಯರೇ ಶುರು ಮಾಡಿದರು. “ಊರಿನಲ್ಲಿ ನನ್ನ ಮನೆ ಕೆಲಸ ಯಾವಾಗ ಮುಗಿಯುತ್ತದೆ ಬಾಯಮ್ಮ?”

“ನೀವು ಇಲ್ಲಿಂದ ಫೋನಿನಲ್ಲಿ ಮೇಸ್ತ್ರಿಗೆ ಬೈಯುವುದು ನಿಲ್ಲಿಸಿದ ಮೇಲೆ.”

ಅವರ ಹೆಂಡತಿ ಮೊದಲು ನಕ್ಕರು. ಇನ್ನೊಬ್ಬಳು ಮುಂದೆ ಬಂದಳು. “ನನ್ನ ಮಗ ಕನ್ನಡ ಮಾತಾಡುತ್ತಾನಾ?”

“ನೀನು ಅವನಿಗೆ ಇಂಗ್ಲಿಷಿನಲ್ಲಿ ಊಟ ಬಡಿಸುವುದು ಬಿಟ್ಟರೆ ಮಾತಾಡಿಯಾನು.”

ಸಾಲು ಬೆಳೆಯಿತು. ಯಾರಿಗೂ ಊಟದ ನೆನಪಿಲ್ಲ. ಎಲ್ಲರದ್ದೂ ಮುಗಿದ ಮೇಲೆ ನಾನೂ ಹೋಗಿ ಮುಂದೆ ನಿಂತೆ. ತಮಾಷೆಗೆಂದೇ ಬಾಯಿ ತೆರೆದದ್ದು, ಧ್ವನಿ ಬೇರೆಯೇ ಬಂತು.

“ಬಾಯಮ್ಮ, ನಾವಿಬ್ಬರೂ ಸಿಲೋವಾಕ್ಕೆ ಯಾವಾಗ ಹೋಗುವುದು?”

ಅವರು ಮಡಿಲ ಮಲ್ಲಿಗೆಯನ್ನು ಸುಮ್ಮನೆ ಸವರುತ್ತ ಕುಳಿತರು. ಆಮೇಲೆ ನನ್ನ ಕೈ ಹುಡುಕಿ ಹಿಡಿದು, ಹತ್ತಿರ ಎಳೆದುಕೊಂಡು, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದರು:

“ಇದನ್ನು ನಾಲ್ಕು ಜನರ ಎದುರು ಕೇಳುವುದಾ ಮಾರಾಯ್ತಿ? ಸಿಲೋವಾದ ದೈವಕ್ಕೇ ಸಿಲೋವಾಕ್ಕೆ ವೀಸಾ ಆಗಲಿಲ್ಲ ಅಂತ ಗೊತ್ತಾದರೆ, ನಾಳೆಯಿಂದ ನನಗೆ ಹೂ ಯಾರು ಕೊಡುತ್ತಾರೆ?”