ಆಡಿನ ಪಿಚ್ಚರ್ ಪೂರಾ ನೋಡಿದ ಕತಿ

ನಮ್ಮ ಓಣ್ಯಾಗ ಒಂದ ವಾರ ಏನೂ ಆಗಲಿಲ್ಲಂದ್ರ ಮಂದಿ ನನ್ನ ಮಾರಿ ನೋಡ್ತಾರ, ನಾನ ಏನೋ ಮುಚ್ಚಿಟ್ಟೀನಿ ಅನ್ನೂಹಂಗ. ನಾ ನಾಕನೇತ್ತಕ್ಕ ಸಾಲಿ ಬಿಟ್ಟಾಕಿ. ಪುಸ್ತಕ ಓದೂದು ಅಷ್ಟಕ್ಕಷ್ಟ. ಆದ್ರ ಬಾಜೂ ಮನಿ ಗ್ವಾಡಿ ಓದಾಕ ಭಾಳ ಚಲೋ ಬರತೈತಿ.

ವಿಜಯಪುರದಾಗ ಅಥಣಿ ರಸ್ತಾಕ ಹತ್ತಿ ನಮ್ಮ ಮನಿ. ಬಾಜೂ ಮನ್ಯಾಗ ಮುದುಕ ಕಾಕಾ, ಅವರ ಹೇಣ್ತಿ ಕಾಕಿ, ಮಗ, ಸೊಸಿ, ಆರು ವರ್ಷದ ಮೊಮ್ಮಗಳು. ಮಗ ತೊರವಿ ಕಡೆ ಒಂದ ಕಾಲೇಜಿನ್ಯಾಗ ಕ್ಲರ್ಕ್. ಸೊಸಿ ತಿಕೋಟಾದಾಕಿ, ಬ್ಯಾಂಕಿನ್ಯಾಗ ನೌಕರಿ. ಈ ಕತಿ ಆಕಿದು.

೧. ಅರ್ಧಕ್ಕ ನಿಂತ ಆಡು

ಈ ಸೊಸಿ ಏಳು ವರ್ಷದಾಕಿ ಇದ್ದಾಗ ಅವರಪ್ಪ ಸಂತ್ಯಾಗ ಒಂದ ಸಿಡಿ ತಂದಿದ್ನಂತ. ಮ್ಯಾಲ ಆಡಿನ ಮರಿ ಚಿತ್ರ. ಹುಡುಗರ ಕಾರ್ಟೂನ್, ನಗಸತೈತಿ ಅಂದ್ಕೊಂಡಾನ ಪಾಪ. ಅದನ್ನ ಯಾವ ಪುಣ್ಯಾತ್ಮ ಮಾಡಿದ್ನೋ, ಹಚ್ಚಿ ಒಂದ ಕಪ್ ಚಹಾ ಕುಡಿಯೂದ್ರಾಗ ಒಂದ ಕರೀ ಗೂಬಿ ಬಂದು ತಾಯಿ ಆಡನ್ನ ಕಮರಿಗೆ ಕೆಡವತೈತಿ. ಮರಿ ಒಂದೇ ಕತ್ತಲ್ಯಾಗ ನಿಂತು ಒದರತೈತಿ. ಈ ಹುಡುಗಿ ಕಿಟಾರನ ಕಿರಚಿದ್ಲು. ಅಪ್ಪ ಟಿವಿ ಬಂದ್ ಮಾಡಿ, "ತಾಯಿ ಸತ್ತೈತಿ, ಮುಗೀತು, ಉಣ್ಣ ನಡಿ" ಅಂದ.

ಅವತ್ತಿಂದ ಒಂದ ತಿಂಗಳು ಇಕಿ ಅವರವ್ವನ ಸೆರಗ ಬಿಡಲಿಲ್ಲ. ಬಚ್ಚಲಕ್ಕ ಹೋದ್ರ ಬಾಗಲದಾಗ ಕುಂಡ್ರಾಕಿ.

ಮೊನ್ನೆ ತವರಮನ್ಯಾಗ ಸುಣ್ಣ ಹಚ್ಚೂವಾಗ ಟ್ರಂಕಿನ್ಯಾಗ ಆ ಸಿಡಿ ಸಿಕ್ಕೈತಿ. ತಗೊಂಡು ಸೀದಾ ನನ್ನ ಮುಂದ ಬಂದು ನಿಂತ್ಲು.

"ಅಕ್ಕಾರ, ಆ ತಾಯಿ ಖರೇನ ಸತ್ತೈತೋ ಇಲ್ಲೋ ನನಗ ನೋಡಬೇಕ್ರಿ. ಅದು ಗೊತ್ತಾಗೂ ತನಕ ನನಗ ಸಮಾಧಾನಿಲ್ಲ."

"ಫೋನಿನ್ಯಾಗ ನೋಡಬೇಕಿಲ್ಲೋ?"

"ಪಿಚ್ಚರ್ ಹೆಸರ ಅಳಿಸಿ ಹೋಗೇತ್ರಿ. ಆಡು ಅಂತ ಹಾಕಿ ಹುಡುಕಿದ್ರ ಮಟನ್ ಅಂಗಡಿ ತೋರಸತೈತಿ."

ನಾ ಅಂದೆ, "ಇಪ್ಪತ್ತೈದು ವರ್ಷ ಆತಲ್ಲವ್ವಾ. ಅವತ್ತ ಬದುಕಿದ್ರೂ ಇಷ್ಟೊತ್ತಿಗೆ ವಯಸ್ಸಾಗಿ ಸತ್ತಿರತೈತಿ, ಬಿಡು."

೨. ಮಷಿನ್

ಸಿಡಿ ಇದ್ರ ಆತೇನು, ಹಾಕಾಕ ಮಷಿನ್ ಬೇಕಲ್ಲ. ಗಂಡ ಹೇಣ್ತಿ ಕೂಡಿ ಗಾಂಧಿ ಚೌಕಿನ ಕಡೆ ಅಂಗಡಿ ಅಂಗಡಿ ತಿರಗ್ಯಾರ. ಒಬ್ಬ ಅಂಗಡ್ಯಾಂವ, ಎತ್ತಿನ ಗಾಡಿಗೆ ಪೆಟ್ರೋಲ್ ಕೇಳಿದ್ರ ನೋಡಬೇಕಲ್ಲ, ಹಂಗ ನೋಡಿದ್ನಂತ. ಮದವಿ ವಿಡಿಯೋ ಮಾಡಾಂವನ್ನ ಕೇಳಿದ್ರು. ಬಬಲೇಶ್ವರದಾಗ ಕಾಕಿ ಅಕ್ಕನ ಮನಿಗೂ ಫೋನ್ ಹಚ್ಚಿದ್ರು. ಇಲ್ಲ.

ಹದಿನೈದು ದಿವ್ಸ ಆದಮ್ಯಾಲ ಸೊಸಿ ನಮ್ಮ ಮನಿಗೆ ಮಸರು ಕೇಳಾಕ ಬಂದ್ಲು. ಒಳಗ ನಮ್ಮ ಉಪ್ಪಿನಕಾಯಿ ಬರಣಿ ಇಟ್ಟಿದ್ನಲ್ಲ, ಅದರ ಬುಡಕ ಕ್ರೋಶಾ ಹೊದಿಕಿ, ಹೊದಿಕಿ ಬುಡಕ ಆಕಿ ಕಣ್ಣ ಹೋತು.

"ಅಕ್ಕಾರ! ಇದು ಸಿಡಿ ಮಷಿನ್ ಅಲ್ಲೇನ್ರಿ?"

"ಹೌದು."

"ನಾವು ಊರೆಲ್ಲಾ ಹುಡುಕಾಕತ್ತಿದ್ದು ನಿಮಗ ಗೊತ್ತಿತ್ತಲ್ರಿ!"

"ಗೊತ್ತಿತ್ತು. ಹೋದ ಶ್ರಾವಣದಾಗ ಒಯ್ದ ನನ್ನ ದೊಡ್ಡ ಪಾತೇಲಿ ನಿಮ್ಮ ಅಡಗಿ ಮನ್ಯಾಗ ಐತಿ, ಅದು ನಿಮಗೂ ಗೊತ್ತಿತ್ತು."

ಪಾತೇಲಿ ಐದು ನಿಮಿಷದಾಗ ಬಂತು. ತೊಳದು, ಒರಸಿ, ಒಳಗ ನಾಕು ಉಂಡಿ ಇಟ್ಟು.

೩. ಗಂಡಸರ ಧೈರ್ಯ

ಮೊದಲ ಐತವಾರ ಅವರ ಮನ್ಯಾಗ ಎಲ್ಲಾರೂ ಟಿವಿ ಮುಂದ ಕುಂತ್ರು. ಮಷಿನ್ ನಂದು ಅಂದಮ್ಯಾಲ ನಾನೂ ಕುಂತೆ. ಆಡೂ ಇಂಗ್ಲೀಷ್ ಮಾತಾಡತೈತಿ, ಗೂಬೀನೂ ಇಂಗ್ಲೀಷ್. ನನಗ ಒಂದಕ್ಷರ ತಿಳೀಲಿಲ್ಲ, ಆದ್ರ ಆ ಗೂಬಿ ಕಣ್ಣ ನೋಡಿದ್ರ ಭಾಷಾ ಬೇಕಾಗೂದಿಲ್ಲ. ಮನಿ ಮುರಿಯೂ ಕಣ್ಣು.

ಮೊಮ್ಮಗಳು ಶೇಂಗಾ ತಿನಕೋತ ಕುಂತಿದ್ಲು. ಬಾಜೂಕ ಅವರಪ್ಪ, ಹುರಿ ಮೀಸಿ ಬಿಟ್ಟಾಂವ. ಗೂಬಿ ರೆಕ್ಕಿ ಬಿಚ್ಚಿ ತಾಯಿ ಆಡಿನ ಮ್ಯಾಲ ಬೀಳೂದ ತಡ, ಅಂವ ಟಪ್ಪನ ರಿಮೋಟ್ ಒತ್ತಿ ಬಂದ್ ಮಾಡಿದ.

ಸೊಸಿ ಹಣಿ ಹಣಿ ಬಡಕೊಂಡ್ಲು. "ಯಾಕ್ರೀ ಬಂದ್ ಮಾಡಿದ್ರಿ? ಮುಂದಿಂದ ನೋಡಬೇಕಾಗಿತ್ತಲ್ಲ!"

"ಕೂಸು ಅಂಜೇತಿ. ಸಣ್ಣ ಹುಡುಗರ ಮುಂದ ಇಂಥಾವೆಲ್ಲಾ ಬ್ಯಾಡ."

ಕೂಸು ಶೇಂಗಾ ನುಂಗಿ ಅಂತು, "ನಾ ಎಲ್ಲಿ ಅಂಜೀನಪ್ಪಾ? ನೀ ಮೊದಲ ನನ್ನ ಕೈ ಬಿಡು, ನೋಯಾಕತ್ತೈತಿ."

೪. ಇಬತ್ತಿ

ಮಗ ಹಿಂಗ ಅಂಜಿದ್ದ ನೋಡಿ ಕಾಕೀಗೆ ಸಂಶೆ ಬಂತು. ಆ ಚಕ್ಕಡಿಯಂಥಾ ಗೂಬಿ ಬರೇ ಚಿತ್ರಲ್ಲ, ಒಳಗ ಏನೋ ಕುಂತೈತಿ ಅಂತ. ಯಾರಿಗೂ ಹೇಳಲಿಲ್ಲ. ಸ್ವಾಮಾರ ದಿವ್ಸ ಜಳಕಾ ಮಾಡಿ, ಪೂಜಿ ಮಾಡಿ, ಸಿಡಿ ತಗದು ಎರಡೂ ಕಡೆ ಮೂರು ಮೂರು ಬಟ್ಟು ಇಬತ್ತಿ ದಪ್ಪಗ ಎಳದು, ಹೊಳ್ಳಿ ಮಷಿನಿನ್ಯಾಗ ಇಟ್ಟುಬಿಟ್ಟಾಳ.

ಮುಂದಿನ ಐತವಾರ ಸೊಸಿ ಗಂಡನ್ನ ಹೊರಗ ಕಳಿಸಿ ಕದಾ ಹಾಕಿ ಹಚ್ಚಿದ್ಲು. ಮಷಿನ್ ಗಿರಣಿಗತೆ ಗರ್ರ್ ಅಂತು. ಗೂಬಿ ಮಾರಿ ಟಿವಿ ತುಂಬ ಬಂದಿದ್ದ ಹಂಗ ನಿಂತು ಬಿಡ್ತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಸೊಸಿ ಮಷಿನಿಗೆ ಎರಡ ಸಲ ಗುದ್ದಿದ್ಲು. ಅಳೂದೊಂದ ಬಾಕಿ.

ಕಾಕಿ ಹಿಂದಿಂದ ಬಂದು ಸೊಂಟದ ಮ್ಯಾಲ ಕೈ ಇಟ್ಟು ಅಂದ್ಲು, "ನೋಡಿದ್ಯಾ? ಅಳ್ಳಾಡಂಗಿಲ್ಲ ಅದು. ಕಟ್ಟಿ ಹಾಕೇನಿ!"

೫. ಅಳು

ಸಿಡಿ ತೊಳದು ಒಣಗಿಸಿ ಮೂರನೇ ಐತವಾರ ಮತ್ತ ಹಚ್ಚಿದ್ರು. ಇದಕ್ಕಿಂತ ಮೊದಲ ಎರಡ ಮಾತು ಹೇಳಬೇಕು.

ಒಂದು, ಕಾಕಾ ಅವರು ಐದು ದಿವ್ಸ ದವಾಖಾನ್ಯಾಗ ಇದ್ದು ಆಗ ತಾನ ಮನಿಗೆ ಬಂದಿದ್ರು. ಓಣಿ ಮಂದಿಯೆಲ್ಲಾ ಇವತ್ತೋ ನಾಳೆಯೋ ಅಂತ ಕಿವಿ ಮನಿ ಕಡೆ ಇಟ್ಟಿದ್ರು. ಎರಡು, ಕಾಕಿ ಹಾಡಿ ಅಳೂದ್ರಾಗ ಬಬಲೇಶ್ವರ ಸೀಮಿಗೆಲ್ಲಾ ಹೆಸರಾದಾಕಿ. ಆಕಿ ಅತ್ಲಂದ್ರ ಸತ್ತವರ ವೈರಿಗಳೂ ಮೂಗ ಒರಸ್ತಾರ.

ಮಗ ಇರಲಿಲ್ಲ. ಕಾಕಾ ಬಚ್ಚಲದಾಗ ಬಿಸಿನೀರು ಹಾಕ್ಕೊಳ್ಳಾಕತ್ತಿದ್ರು. ದೆವ್ವ ಕಟ್ಟಿ ಹಾಕಿದ ಧೈರ್ಯಕ್ಕ ಕಾಕೀನೂ ಟಿವಿ ಮುಂದ ಕುಂತಿದ್ಲು. ತಾಯಿ ಆಡು ಕಮರಿಗೆ ಬಿತ್ತು. ಮರಿ ಒದರಿತು. ಕಾಕಿ ಎದಿ ಒಳಗಿಂದ ರಾಗ ಎಬ್ಬಿಸಿದ್ಲು ನೋಡ್ರಿ:

"ಹೆಂಗ ಬಿಟ್ಟು ಹೋದ್ಯಲ್ಲಾ... ಮನಿ ಕತ್ತಲಾತಲ್ಲಾ... ಈ ಕೂಸಿಗೆ ಯಾರು ಗತಿ..."

ನಾ ನಮ್ಮ ಮಾಳಗಿ ಮ್ಯಾಲ ಮೆಣಸಿನಕಾಯಿ ಹರವಾಕತ್ತಿದ್ದೆ, ಪಿಚ್ಚರ್ ಹಚ್ಚಿದ್ದು ನನಗ ಗೊತ್ತಿಲ್ಲ. ಆ ರಾಗ ಕೇಳಿದಮ್ಯಾಲ ಮಾತು ಕೇಳೂ ಗರಜಿಲ್ಲ. ಫೋನ್ ತಗೊಂಡೆ. ತಿಕೋಟಾಕ್ಕ ಹಚ್ಚಿದೆ, ಬಬಲೇಶ್ವರಕ್ಕ ಹಚ್ಚಿದೆ. ದೇವರಾಣಿ, ಸತ್ತಾರ ಅಂತ ನಾ ಬಾಯಿ ಬಿಟ್ಟು ಅಂದಿಲ್ಲ. "ಕಾಕಿ ಅಳಾಕತ್ತಾಳ, ಲಗೂ ಬರ್ರಿ" ಅಂದೆ. ಅಷ್ಟ.

ಇಳಿದು ಬರೂದ್ರಾಗ ಅಂಗಳ ತುಂಬೇತಿ. ಒಬ್ಬಾಕಿ ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಂತ ಆಗಲೇ ಬುಟ್ಟಿ ರೊಟ್ಟಿ, ಪುಂಡಿಪಲ್ಯ ತಂದಿದ್ಲು. ಒಬ್ಬ ಹಾರ ತಂದಿದ್ದ. ಗಂಡಸರು ಕಟ್ಟಿ ಮ್ಯಾಲ ಕುಂತು, "ಕುಣಿ ಹೊಲದಾಗ ತಗಸೂದೋ, ಊರಾಗೋ?" ಅಂತ ಸುರೂ ಮಾಡಿದ್ರು.

ಒಳಗ ಹೋದ್ರ ಕಾಕಿ ಎದಿ ಬಡಕೋತ ಕುಂತಾಳ. ಸೊಸಿ ಕಣ್ಣಾಗ ನೀರು ಹರಿಯಾಕತ್ತಾವ, ಆದ್ರ ಕಣ್ಣ ಟಿವಿ ಬಿಟ್ಟು ಸರಿವಲ್ವು. ಮೂರನೇ ಮನಿ ಮುದುಕಿಗೆ ಸಿಟ್ಟ ಬಂತು. "ಮನ್ಯಾಗ ಇಂಥಾದ್ದಾಗೇತಿ, ಟಿವಿ ಹಚ್ಚೀರೇನ ಬೇ!" ಅಂತ ಹೋಗಿ ವಾಯರ್ ಕಿತ್ತು ಒಗದ್ಲು.

ಸೊಸಿ ಒದರಿದ ಒದರಾಟಕ್ಕ ಹೊರಗಿನವರು, ಈಗ ಹೆಣಾ ಹೊರಗ ತರಾಕತ್ತಾರ ಅಂತ ಎದ್ದು ನಿಂತ್ರು.

ಆಗ ಬಚ್ಚಲ ಕದಾ ತೆರೀತು. ಕಾಕಾ ಟಾವೆಲ್ ಸುತ್ತಿಕೊಂಡು, ಹಣಿಗೆ ಇಬತ್ತಿ ಹಚ್ಚಿಕೊಂಡು ಬಂದ್ರು. ಇಷ್ಟ ಮಂದಿ ನೋಡಿ ಮಾರಿ ಸಣ್ಣದು ಮಾಡಿ, ಹಾರ ಹಿಡಕೊಂಡಾಂವನ್ನ ಮೆಲ್ಲಕ ಕೇಳಿದ್ರು, "ಪಾಪ, ಯಾರು ಹೋದ್ರಪಾ?"

ಅಂವ ಹಾರ ಬೆನ್ನ ಹಿಂದ ಮುಚ್ಚಿದ. ಕಾಕಿ ತಾನ ಮೂಗ ಒರಸಿಕೊಂಡು ಹೇಳಿದ್ಲು, "ಆಡು ಹೋತ್ರಿ. ಟಿವ್ಯಾಗಿಂದು."

ಕಾಕಾ ಟಾವೆಲ್ ಬಿಗಿ ಮಾಡ್ಕೊಂಡ್ರು. ಆಮ್ಯಾಲ, "ಐದ ದಿವ್ಸ ದವಾಖಾನ್ಯಾಗ ಬಿದ್ದಿದ್ದೆ. ನನಗ ಒಂದ ಹನಿ ನೀರು ತರಲಿಲ್ಲ ನಿನ್ನ ಕಣ್ಣಾಗ. ಆಡಿಗೆ ಇಷ್ಟ ಅಳ್ತೀಯಾ?"

"ಅದು ಹಾಲರ ಕೊಡ್ತಿತ್ತು" ಅಂದ್ಲು ಕಾಕಿ.

ಮಂದಿ ನಗಬೇಕೋ ಅಳಬೇಕೋ ತಿಳೀದ ಹೊಂಟ್ರು. ಸೊಸಿ ಬಾಗಲಕ್ಕ ಬೆನ್ನ ಕೊಟ್ಟು ನಿಂತ್ಲು. "ಯಾರೂ ಅಳ್ಳಾಡಬ್ಯಾಡ್ರಿ, ಕುಂಡ್ರಿ! ಇಪ್ಪತ್ತೈದು ವರ್ಷ ಆತು ನಾ ಇದರ ಕಡೀಕ್ ಏನಾಗತೈತಿ ಅಂತ ಕಾಯಾಕತ್ತು. ಇನ್ನ ಯಾರರ ಆ ಬಟನ್ ಮುಟ್ಟಿದ್ರ, ಖರೇನ ಒಂದ ಹೆಣಾ ಬೀಳತೈತಿ ಇಲ್ಲೆ."

ಬ್ಯಾಂಕಿನ್ಯಾಗ ಮೆತ್ತಗ ಮಾತಾಡೂ ಹುಡುಗಿ. ಎಲ್ಲಾರೂ ಗಪ್ ಕುಂತ್ರು. ವಾಯರ್ ಹೊಳ್ಳಿ ಸೇರಿಸಿ ಮೊದಲಿಂದ ಹಚ್ಚಿದ್ಲು. ನಡುವ ತಿಕೋಟಾದಿಂದ ಸೊಸಿ ಅವ್ವ ಅಪ್ಪನ್ನ ಹೊತ್ತ ಟಂಟಂ ಆಟೋ ಬಂತು, ಬಬಲೇಶ್ವರದ್ದು ಬಂತು. ಅಳಕೋತ ಒಳಗ ಬಂದವರನ್ನೆಲ್ಲಾ "ಶ್! ಕುಂಡ್ರಿ" ಅಂತ ಕುಂಡ್ರಿಸಿದ್ವಿ. ಬೀಗರು ಕಾಕಾನ ಬಾಜೂಕ ಕುಂತು ಒಂದ ಸಲ ಅವರ ಕೈ ಮುಟ್ಟಿ ನೋಡಿ, ಬಿಸಿ ಐತಿ ಅಂತ ಖಾತ್ರಿ ಮಾಡ್ಕೊಂಡ್ರು. "ಯಾರು ಫೋನ್ ಮಾಡಿದ್ದು?" ಅಂತ ಒಬ್ಬಾಕಿ ಕೇಳಿದ್ಲು. ನಾ "ಪಿಚ್ಚರ್ ನೋಡ್ರಿ, ಪಿಚ್ಚರ್" ಅಂದೆ.

ಕಡೀಕ್ ಮರಿಗೆ ಕೋಡು ಬಂದು ದೊಡ್ಡದಾಗತೈತಿ. ಅದು ಗೂಬಿಯ ಗುಹಾದಾಗ ಹೊಕ್ಕು ಒದರತೈತಿ. ಕತ್ತಲ್ಯಾಗಿಂದ ಕುಂಟಕೋತ ಒಂದ ಮುದಿ ಆಡು ಬಂತು. ಮರಿ ಮಾರಿ ಮೂಸಿತು. ನೆಕ್ಕಿತು. ತಾಯಿ! ಸತ್ತಿದ್ದಿಲ್ಲ!

ಸೊಸಿ ಅವರವ್ವನ ತೊಡಿ ಮ್ಯಾಲ ಮಾರಿ ಇಟ್ಟು ಬಿಕ್ಕಿ ಬಿಕ್ಕಿ ಅತ್ಲು. ಅವರಪ್ಪ ಕಳ್ಳನಗತೆ ಮಾಳಗಿ ನೋಡ್ಕೋತ ಕುಂತ.

ತಂದ ರೊಟ್ಟಿ ಹಾಳಾಗಬಾರದಂತ ಎಲ್ಲಾರೂ ಅಲ್ಲೇ ಉಣ್ಣಾಕ ಕುಂತ್ವಿ. ಕಾಕಾ ಹುರುಪಿಗೆ ಬಂದು ಎರಡ ರೊಟ್ಟಿ ಜಾಸ್ತಿ ಉಂಡು, ಮಂದಿಗೆಲ್ಲಾ ಹೇಳಿದ್ರು, "ನಮ್ಮಾಕಿ ಅಳು ಅಂದ್ರ ಹಂಗ ನೋಡ್ರಿ. ಆಕಿ ಅತ್ತಿದ್ದಕ್ಕ ಆಡೂ ಬದುಕಿತು, ನಾನೂ ಬದುಕೀನಿ. ಆಕಿ ಯಾರ ಮ್ಯಾಲ ಅಳ್ತಾಳ, ಅವರು ನೂರು ವರ್ಷ ಗಟ್ಟಿ!"

ಎಲ್ಲಾರೂ ನಕ್ರು. ಮೂರನೇ ಮನಿ ಸೊಸಿ ಮಾತ್ರ ನಗಲಿಲ್ಲ. ವಾಯರ್ ಕಿತ್ತ ಮುದುಕಿ ಆಕಿ ಅತ್ತಿ. ಆ ಮುದುಕಿ ಅಲ್ಲೇ ಎದರ ಕುಂತು ನಾಕನೇ ರೊಟ್ಟಿ ಮುರಿಯಾಕತ್ತಿದ್ಲು. ಆ ಸೊಸಿ ಒಂದ ಸಲ ಅತ್ತಿ ಕಡೆ ನೋಡಿದ್ಲು, ಒಂದ ಸಲ ಕಾಕಿ ಕಡೆ ನೋಡಿದ್ಲು. ಆಮ್ಯಾಲ ನನ್ನ ಸೆರಗ ಜಗ್ಗಿ ಕಿವ್ಯಾಗ ಅಂದ್ಲು:

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ. ಕಾಕೀಗೆ ಹೇಳ್ರಿ, ನಮ್ಮ ಮನಿಗೆ ಮಾತ್ರ ಬಂದು ಅಳಬ್ಯಾಡ ಅಂತ."