ಹೇಳದೆ ಕೇಳದೆ ಎದ್ದುಹೋದ ಪಿಯಾನೊ

“ಒಬ್ಬ ಕೀಬೋರ್ಡಿನವನು ಕೈಕೊಟ್ರೆ ಆಕಾಶ ಕಳಚಿ ಬೀಳುತ್ತಾ? ಇಡೀ ಆರ್ಕೆಸ್ಟ್ರಾನೇ ನಿನ್ನ ಬೆನ್ನ ಹಿಂದೆ ತಂದು ನಿಲ್ಲಿಸ್ತೀನಿ, ನೋಡ್ತಿರು!”

ಹಲ್ಲಿನ ಡಾಕ್ಟರು ಹೀಗೆ ಘೋಷಿಸಿ ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಉರುಳಿ ಅತ್ತೆಯವರ ಮಡಿಲಿಗೇ ಬಿತ್ತು. ಮಹತ್ಕಾರ್ಯವೊಂದು ಹೀಗೆ ಶುರುವಾಯಿತು.

ವಿಷಯ ಇಷ್ಟೇ. ಡಾಕ್ಟರ ಹೆಂಡತಿಗೆ ಸೊಗಸಾದ ಕಂಠ. ಕಾಲೊನಿ ಸಂಘದ ವಾರ್ಷಿಕ ಸಭೆಯ ಕೊನೆಗೆ ಆಕೆಯದೊಂದು ಹಾಡು ಎಂದು ಪ್ರತಿ ವರ್ಷವೂ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಹಾಡು ಮಾತ್ರ ಇದುವರೆಗೆ ಯಾರ ಕಿವಿಗೂ ಬಿದ್ದಿರಲಿಲ್ಲ. ಏಕೆಂದರೆ ಹಾಡಿಗೆ ಮೊದಲು ಕಾರ್ಯದರ್ಶಿಗಳ ‘ಎರಡು ಮಾತು’ ಇರುತ್ತಿತ್ತು. ಆ ಎರಡು ಮಾತು ಚರಂಡಿಯಲ್ಲಿ ಹುಟ್ಟಿ, ನೀರಿನ ಟ್ಯಾಂಕಿನಲ್ಲಿ ಈಜಿ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅಡ್ಡಾಡಿ, ಇನ್ನೂ ದಣಿಯದೆ ಇರುವಾಗಲೇ ಎಂಟು ಗಂಟೆಯಾಗಿ ವಾಚ್‌ಮನ್ ದೀಪ ಆರಿಸಿಬಿಡುತ್ತಿದ್ದ. ಹೋದ ವರ್ಷ ಆಕೆ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಾಗಲೇ ಕತ್ತಲಾಗಿತ್ತು. ಮನೆಗೆ ಬಂದವಳು ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಡಾಕ್ಟರಿಗೆ ಅದು ಗೊತ್ತಿತ್ತು.

“ಈ ಸಲವೂ ಹಾಡೋಕಾಗ್ಲಿಲ್ಲ ಅಂದ್ರೆ ಮುಗೀತು. ಇನ್ನು ಬಚ್ಚಲುಮನೇಲೂ ಬಾಯಿ ಬಿಡಲ್ಲ” ಎಂದು ಆಕೆ ಶಪಥ ಮಾಡಿದ್ದಳು. ಅಂಥ ಹೊತ್ತಿನಲ್ಲೇ ಕೀಬೋರ್ಡಿನವನು “ಬೇರೆ ಕಡೆ ಒಪ್ಪಿಕೊಂಡುಬಿಟ್ಟಿದ್ದೀನಿ ಮೇಡಂ” ಎಂದು ಫೋನ್ ಮಾಡಿದ್ದ.

ಡಾಕ್ಟರು ಬಿಟ್ಟಾರೆಯೇ! ಮರುದಿನವೇ ಲ್ಯಾಪ್‌ಟಾಪಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಂಡರು. ಹಾಡಿನ ಸ್ವರಗುಚ್ಛಗಳನ್ನು, ಅಂದರೆ ಕಾರ್ಡುಗಳನ್ನು, ಸಾಲಾಗಿ ಬರೆದು, ಲಯ ಯಾವುದೆಂದು ತಿಳಿಸಿ, ಗುಂಡಿ ಒತ್ತಿದರೆ ಸಾಕು. ಪಿಯಾನೊ, ಗಿಟಾರು, ಪಿಟೀಲು, ಬೇಸು, ಡ್ರಮ್ಮು ಐದೂ ತಾವಾಗಿಯೇ ನುಡಿಯತೊಡಗುತ್ತವೆ. ಐದು ಜನ ವಾದ್ಯಗಾರರು ಮನೆಯೊಳಗೇ ಇದ್ದು, ಒಬ್ಬನೂ ಕಾಫಿ ಕೇಳುವುದಿಲ್ಲ!

ತೊಡಕು ಬಂದದ್ದು ಎರಡನೇ ಚರಣದಲ್ಲಿ. ಅಲ್ಲಿ ಹಾಡು ಮೆಲುದನಿಗೆ ಇಳಿಯುತ್ತದೆ.

“ರೀ, ಇಲ್ಲಿ ನನ್ನ ಜೊತೆ ಗಿಟಾರು ಒಂದಿದ್ರೆ ಸಾಕು. ಮಿಕ್ಕವರೆಲ್ಲ ಸುಮ್ನಾಗ್ಲಿ.”

“ಅಷ್ಟೇ ತಾನೆ? ಡಾಕ್ಟ್ರು ಹಲ್ಲು ಕಿತ್ರೆ ಕಿತ್ತದ್ದೇ ಗೊತ್ತಾಗಲ್ಲ ಅಂತ ಊರೆಲ್ಲ ಹೇಳುತ್ತೆ. ನನಗೆ ಈ ಪಿಯಾನೊ ಯಾವ ಲೆಕ್ಕ!”

ಚರಣ ಬಂದ ಕೂಡಲೇ ಡಾಕ್ಟರು ಸದ್ದಡಗಿಸುವ ಗುಂಡಿ ಒತ್ತಿದರು. ನುಡಿಯುತ್ತಿದ್ದ ಸ್ವರದ ನಡುವೆಯೇ ಪಿಯಾನೊ ಕಟ್ಟಾಯಿತು, ಪಿಟೀಲು ಮಾಯವಾಯಿತು, ಡ್ರಮ್ಮಿನ ಕೋಲು ಎತ್ತಿದಲ್ಲೇ ಉಳಿಯಿತು. ಹೆಂಡತಿ ಬೆಚ್ಚಿಬಿದ್ದು ಸಾಲು ಮರೆತಳು.

ಒಳಗಿನಿಂದ ಅತ್ತೆಯವರ ದನಿ ಬಂತು. “ಅಳಿಯಂದ್ರೇ, ಕರೆಂಟ್ ಹೋಯ್ತಾ?”

“ಇಲ್ಲ ಅತ್ತೆ, ಪಿಯಾನೊ ನಿಲ್ಸಿದೆ.”

“ನಿಲ್ಸಿದ್ರಾ? ನಾನು ಯಾರದೋ ಕತ್ತು ಹಿಸುಕಿದ್ರಿ ಅಂದ್ಕೊಂಡೆ!”

ಡಾಕ್ಟರು ಸೋಲೊಪ್ಪುವ ಪೈಕಿಯಲ್ಲ. ಸದ್ದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಿದರು. ಪಿಯಾನೊದವನು ನುಡಿಸುತ್ತಲೇ ಇದ್ದಾನೆ, ಅವನನ್ನು ಯಾರೋ ಬಸ್ಸಿಗೆ ಹತ್ತಿಸಿ ಕಳಿಸುತ್ತಿದ್ದಾರೆ ಎನ್ನುವ ಹಾಗೆ ಕೇಳಿಸಿತು. ಕ್ಲಿನಿಕ್ಕಿನಲ್ಲೂ ಅದೇ ಚಿಂತೆ. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಮಲಗಿದ್ದ ರೋಗಿಯನ್ನು ಬಗ್ಗಿ ಕೇಳಿದರು: “ಮೊದಲು ಯಾರು ನಿಲ್ಲಬೇಕು ಅಂತೀರಿ? ಪಿಟೀಲೋ, ಡ್ರಮ್ಮೋ?”

“ಆ… ಆ… ಆ…”

“ಡ್ರಮ್ಮು ತಾನೆ? ನನಗೂ ಹಾಗೇ ಅನ್ನಿಸ್ತು.”

ಕೊನೆಗೆ ದಾರಿ ತೋರಿಸಿದವರು ಅತ್ತೆಯವರೇ. ಸಂಜೆ ಸೋಫಾದಲ್ಲಿ ಕಾಲು ನೀಡಿ ಕೂತು ಹೇಳಿದರು: “ಅಲ್ಲ ಅಳಿಯಂದ್ರೇ, ಒಬ್ಬರ ಮನೆಯಿಂದ ಎದ್ದು ಹೋಗೋರು ಏನು ಮಾಡ್ತಾರೆ? ಕೈಲಿರೋ ಕಾಫಿ ಮುಗಿಸ್ತಾರೆ, ಲೋಟ ಕೆಳಗಿಡ್ತಾರೆ, ‘ಬರ್ತೀನಿ’ ಅಂತ ಒಂದು ಮಾತು ಹೇಳ್ತಾರೆ, ಆಮೇಲೆ ಏಳ್ತಾರೆ. ನಿಮ್ಮ ಪಿಯಾನೊದವನು ಲೋಟ ಬಾಯಲ್ಲಿದ್ದ ಹಾಗೇ ಓಡ್ತಾನಲ್ಲ! ಹೇಳಿ ಹೋಗೋಕೇನು ಧಾಡಿ?”

ಡಾಕ್ಟರಿಗೆ ತಟ್ಟನೆ ಹೊಳೆಯಿತು. ಹುಡುಕಿದರೆ ಆ ಸಾಫ್ಟ್‌ವೇರಿನಲ್ಲೇ ಅಂಥದೊಂದು ಏರ್ಪಾಡಿತ್ತು. ಯಾವ ವಾದ್ಯ, ತಾಳದ ಯಾವ ಆವರ್ತ ಎಂದು ಗುರುತು ಹಾಕಿದರೆ, ಆ ವಾದ್ಯ ಆವರ್ತದ ಮೊದಲ ಪೆಟ್ಟನ್ನು ನುಡಿಸಿ, ಅದರ ನಾದ ತಾನಾಗಿ ಕರಗುವವರೆಗೆ ಬಿಟ್ಟು, ಆಮೇಲೆ ಸುಮ್ಮನಾಗುತ್ತದೆ. ಎಷ್ಟು ಆವರ್ತ ಸುಮ್ಮನಿರಬೇಕೆಂದು ಬರೆದರೆ ಅಷ್ಟು ಕಳೆದ ಮೇಲೆ ತಾನಾಗಿ ಮರಳುತ್ತದೆ. ಎರಡನೇ ಚರಣ ಬಂತು. ಪಿಯಾನೊ ಒಂದು ತುಂಬುದನಿ ಕೊಟ್ಟು ಹಿಂದೆ ಸರಿಯಿತು. ಕಂಚಿನ ತಟ್ಟೆಯೊಂದು ಮೆಲ್ಲಗೆ ‘ಝಲ್’ ಎಂದು ಡ್ರಮ್ಮೂ ಹೊರಟಿತು. ಗಿಟಾರು ಒಂದೇ ಉಳಿಯಿತು. ಹೆಂಡತಿ ಕಣ್ಣು ಮುಚ್ಚಿ ಚರಣ ಪೂರ್ತಿ ಹಾಡಿದಳು.

“ಹೌದು ರೀ, ಹೀಗೇ!” ಎನ್ನುವಾಗ ಆಕೆಯ ಕಣ್ಣು ತುಂಬಿತ್ತು. ಡಾಕ್ಟರ ತಲೆ ಅವತ್ತಿನಿಂದ ಹೆಮ್ಮೆಗೆ ಭುಜದ ಮೇಲೆ ಸರಿಯಾಗಿ ಕೂರಲಿಲ್ಲ.

ಸಭೆಯ ದಿನ ಡಾಕ್ಟರು ಮೊದಲೇ ಹೋಗಿ ವೇದಿಕೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟು, ಸಭಾಂಗಣದ ಸ್ಪೀಕರಿಗೆ ವೈರು ಸಿಕ್ಕಿಸಿ, ಹಾಡು ಹಚ್ಚಿದರು. ಅಭ್ಯಾಸಕ್ಕೆಂದು, ಮುಗಿದಂತೆಲ್ಲ ಮತ್ತೆ ಮೊದಲಿಂದ ಶುರುವಾಗುವ ಹಾಗೆ ಇಟ್ಟಿದ್ದರು. ಅಷ್ಟರಲ್ಲಿ ಕಾರ್ಯದರ್ಶಿಗಳು ದಪ್ಪನೆಯ ಫೈಲು ಹಿಡಿದು ಬಂದರು.

“ಡಾಕ್ಟ್ರೇ, ಅದನ್ನ ಸ್ವಲ್ಪ ನಿಲ್ಸಿ. ಸಭೆ ಶುರು ಮಾಡೋಣ.”

ಬೇರೆ ಯಾರಾದರೂ ಆಗಿದ್ದರೆ ನಿಲ್ಲಿಸುವ ಗುಂಡಿ ಒತ್ತುತ್ತಿದ್ದರು. ನಮ್ಮ ಡಾಕ್ಟರು ಹಾಗೆ ಒರಟಾಗಿ ನಿಲ್ಲಿಸುವುದುಂಟೇ? “ನಿಲ್ಸೋದು ಒಂದು ಕಲೆ ಸಾರ್. ನೋಡಿ, ಐವರೂ ಸುಮ್ನಾಗ್ತಾರೆ, ನಾಲ್ಕು ಆವರ್ತ ಆದ್ಮೇಲೆ ತಾವಾಗೇ ಬರ್ತಾರೆ” ಎಂದು ಐದು ವಾದ್ಯಕ್ಕೂ ಗುರುತು ಹಾಕಿ, ನಾಲ್ಕರ ಗುಂಡಿಯನ್ನು ಹಲ್ಲು ಕೀಳುವ ಹೆಬ್ಬೆರಳಿನಿಂದ ಗಟ್ಟಿಯಾಗಿ ಅದುಮಿದರು. ಒಂದೊಂದೇ ವಾದ್ಯ ನಯವಾಗಿ ಬೀಳ್ಕೊಂಡಿತು. ಸಭಾಂಗಣ ಶಾಂತವಾಯಿತು.

ಎಲ್ಲರೂ ಕಾದರು. ಯಾರೂ ಮರಳಲಿಲ್ಲ.

“ಎಲ್ಲಿ, ಬರಲೇ ಇಲ್ಲ?”

“ಹಾಡು… ಮುಗಿದಿರಬೇಕು ಸಾರ್.”

ಸದ್ದಿಲ್ಲ ಎಂದರೆ ಮರಗಟ್ಟಿದೆ ಎಂದು ಭಾವಿಸುವುದು ಹಲ್ಲಿನ ಡಾಕ್ಟರ ಹಳೆಯ ಅಭ್ಯಾಸ. ಮಾನ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಅವರು ಪರದೆಯತ್ತ ತಿರುಗಿಯೂ ನೋಡದೆ ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತರು.

ಲೆಕ್ಕಪತ್ರ, ಸನ್ಮಾನ ಎಲ್ಲ ಬೇಗ ಮುಗಿದವು. ಕಾರ್ಯದರ್ಶಿಗಳು ಎದ್ದರು. ಚರಂಡಿ ಬಂತು, ಹೋಗಲಿಲ್ಲ. ಟ್ಯಾಂಕು ಬಂದು ಅದರ ಪಕ್ಕದಲ್ಲೇ ನಿಂತಿತು. ಹೆಂಡತಿ ಗೋಡೆ ಗಡಿಯಾರ ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಬಾಗಿಲ ಹತ್ತಿರ ವಾಚ್‌ಮನ್ ಬೀಗದ ಕೈ ಗೊಂಚಲು ಹಿಡಿದು ನಿಂತಾಗಿತ್ತು.

“ಇನ್ನೊಂದೇ ಒಂದು ಮಾತು” ಎಂದರು ಕಾರ್ಯದರ್ಶಿಗಳು. ಅದು ಆ ಸಂಜೆಯ ಮೂರನೇ ‘ಇನ್ನೊಂದೇ ಒಂದು ಮಾತು’. “ಬೀದಿ ದೀಪದ ವಿಚಾರದಲ್ಲಿ ನಾನು ಹೇಳೋದೇನಂದ್ರೆ…”

ಎಲ್ಲಿಂದಲೋ ಪಿಟೀಲು ಕೇಳಿಸಿತು.

ಡಾಕ್ಟರು ಕತ್ತು ಚಾಚಿ ಪರದೆ ನೋಡಿದರು. ತಮ್ಮ ಹೆಬ್ಬೆರಳು ಒತ್ತಿದ್ದು ಒಂದು ನಾಲ್ಕಲ್ಲ, ಸಾಲಾಗಿ ಮೂರು ನಾಲ್ಕು! ನಾನೂರ ನಲವತ್ತನಾಲ್ಕು ಆವರ್ತ ಬಾಯಿ ಮುಚ್ಚಿಕೊಂಡು ಕೂತಿದ್ದ ವಾದ್ಯಗಾರರು ಈಗ ಕೊಟ್ಟ ಮಾತಿನಂತೆ ಮರಳುತ್ತಿದ್ದರು. ಪಿಟೀಲಿನ ಹಿಂದೆ ಪಿಯಾನೊ, ಪಿಯಾನೊ ಹಿಂದೆ ಗಿಟಾರು. ಡಾಕ್ಟರು ಹಾರಿ ಏಳಲು ಹೊರಟರು. ಹೆಂಡತಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮುಟ್ಟಬೇಡಿ!”

“ಅಯ್ಯೋ, ಭಾಷಣ ಕೆಡುತ್ತೆ ಕಣೇ!”

“ಕೆಡಲ್ಲ. ಅವರ ಮುಖ ನೋಡಿ.”

ಕಾರ್ಯದರ್ಶಿಗಳ ಮುಖ ಅರಳುತ್ತಿತ್ತು. ಇಷ್ಟು ವರ್ಷ ಬರೀ ಆಕಳಿಕೆಯ ಪಕ್ಕವಾದ್ಯಕ್ಕೆ ಮಾತಾಡಿದ್ದ ಮನುಷ್ಯ, ಪಾಪ! ಪಿಟೀಲು ಮೇಲೇರಿದಂತೆ ಅವರ ದನಿಯೂ ಏರಿತು. ಬೇಸು ಸೇರಿದಾಗ ಕೈ ಮೇಲೆದ್ದಿತು. ಬೀದಿ ದೀಪ ಬದುಕಿನ ದೀಪವಾಯಿತು. ಡ್ರಮ್ಮು ಗುಡುಗಿ ಹಾಡಿನ ಕೊನೆ ಹತ್ತಿರವಾದಾಗ ಅವರಿಗೆ ತಡೆಯಲಾಗಲಿಲ್ಲ. “…ಎಂದು ಹೇಳುತ್ತಾ, ಎಲ್ಲರಿಗೂ ವಂದಿಸಿ, ನನ್ನ ಎರಡು ಮಾತು ಮುಗಿಸುತ್ತೇನೆ!”

ಝಲ್ಲ್ ಎಂದಿತು ತಟ್ಟೆ. ಚಪ್ಪಾಳೆಯೋ ಚಪ್ಪಾಳೆ! ಜನ ಎದ್ದು ನಿಂತು ತಟ್ಟಿದರು. ಅದರಲ್ಲಿ ಮೆಚ್ಚುಗೆಗಿಂತ ಬಿಡುಗಡೆಯ ಸಂತೋಷವೇ ಹೆಚ್ಚಿತ್ತು.

ಹಾಡು ಮತ್ತೆ ಮೊದಲಿಂದ ಶುರುವಾಯಿತು. ಅಷ್ಟರಲ್ಲಿ ಹೆಂಡತಿ ಮೈಕಿನ ಮುಂದಿದ್ದಳು. ಯಾರ ಅಪ್ಪಣೆಗೂ ಕಾಯದೆ ಪಲ್ಲವಿ ಎತ್ತಿಕೊಂಡಳು. ಎರಡನೇ ಚರಣಕ್ಕೆ ಪಿಯಾನೊ ತುಂಬುದನಿ ಕೊಟ್ಟು ಮೆಲ್ಲಗೆ ಹಿಂದೆ ಸರಿದಾಗ, ಮೊದಲ ಸಾಲಿನಿಂದ ಅತ್ತೆಯವರು ಎಲ್ಲರಿಗೂ ಕೇಳುವಂತೆ “ಹಾಂ, ಹೇಳಿ ಹೋದ!” ಎಂದರು. ಗಿಟಾರಿನ ಜೊತೆ ಆಕೆಯ ದನಿ ಒಂದೇ ಉಳಿಯಿತು. ವಾಚ್‌ಮನ್ ಬೀಗದ ಕೈ ಗೊಂಚಲನ್ನು ಸದ್ದಾಗದಂತೆ ಜೇಬಿಗಿಳಿಸಿ ಬಾಗಿಲಿಗೊರಗಿ ಕೇಳಿದ. ಡಾಕ್ಟರಿಗೆ ಹೋದ ವರ್ಷದ ನಲ್ಲಿಯ ಸದ್ದು ನೆನಪಾಯಿತು.

ಹೊರಡುವಾಗ ಕಾರ್ಯದರ್ಶಿಗಳು ಓಡಿಬಂದು ಕೈ ಹಿಡಿದರು. “ಡಾಕ್ಟ್ರೇ, ಮುಂದಿನ ವರ್ಷ ನನ್ನ ಮಾತಿಗೆ ಶುರುವಿನಿಂದಲೇ ಸಂಗೀತ ಹಾಕ್ಬಿಡಿ!”

ಮನೆಗೆ ಬಂದರೆ ಡಾಕ್ಟರ ಬಾಯಿಗೆ ಬಿಡುವಿಲ್ಲ. ಊಟದ ಮೇಜಿನ ತುದಿಯಲ್ಲಿ ನಿಂತು, “ಇದನ್ನೆಲ್ಲ ನಾನು ಮೊದಲೇ ಯೋಚಿಸಿದ್ದೆ. ಆ ಮೂರು ನಾಲ್ಕು ಇದೆಯಲ್ಲ, ಅದು ತಪ್ಪಲ್ಲ, ದೂರದೃಷ್ಟಿ! ನಿಲ್ಲಿಸೋ ಕಲೆ ಎಲ್ಲರಿಗೂ ಒಲಿಯಲ್ಲ. ಇನ್ನೊಂದೇ ಒಂದು ಮಾತು ಹೇಳ್ತೀನಿ ಕೇಳಿ…” ಎಂದು ಕೈ ಎತ್ತಿದರು.

ಹೆಂಡತಿ ಅನ್ನ ಬಡಿಸುತ್ತಲೇ ಎಡಗೈ ಚಾಚಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಮೆಲ್ಲಗೆ ಪಿಟೀಲು ಶುರುವಾಯಿತು. ಡಾಕ್ಟರ ದನಿ ತಾನಾಗಿ ಏರಿತು, ತುಂಬಿತು, ತೂಗಾಡಿತು. ಪಿಯಾನೊ ಸೇರುವ ಹೊತ್ತಿಗೆ ಅವರ ಬಾಯಿಂದ ತಮಗೇ ತಿಳಿಯದಂತೆ ಹೊರಟುಬಿಟ್ಟಿತು: “…ಎಂದು ಹೇಳುತ್ತಾ, ನನ್ನ ಎರಡು ಮಾತು ಮುಗಿಸುತ್ತೇನೆ.” ಮೆತ್ತಗೆ ಕೂತು ತಟ್ಟೆಗೆ ಕೈ ಹಾಕಿದರು.

ಅತ್ತೆಯವರು ತಲೆದೂಗಿದರು. “ಭೇಷ್ ಮಗಳೇ! ಕಿತ್ತದ್ದೇ ಗೊತ್ತಾಗ್ಲಿಲ್ಲ.”