ಟವೆಲ್ಲಿನ ಕೆಳಗೆ ಹೋದ ಕಾರು

ಮಾರಾಟಕ್ಕಿಟ್ಟ ವಸ್ತುವನ್ನು ಮಾರುವವನು ಕಣ್ಣೆತ್ತಿಯೂ ನೋಡಬಾರದು. ಬರೆದಿಟ್ಟುಕೊಳ್ಳಿ, ಸಲಹೆ ಪುಕ್ಕಟೆ. ಬೈಲಹೊಂಗಲದ ದನದ ಸಂತೆಯಲ್ಲಿ ಎತ್ತಿನ ಹಗ್ಗ ಹಿಡಿದು ನಿಲ್ಲುವ ಕೆಲಸದಿಂದ ದಲಾಲಿಯವರೆಗೆ ಏರಿದವನು ನಾನು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದು, ಮುಖ ಮಾತ್ರ ಬೇರೆಲ್ಲಿಗೋ ತಿರುಗಿಸಿರುವುದು ನಮ್ಮ ಪದ್ಧತಿ. ಹಿಡಿದ ಬೆರಳಿಗೆ ‘ಆತು’ ಎಂದರೆ ಮುಗಿಯಿತು. ಆ ಮಾತು ಹಿಂದಕ್ಕೆ ಬರುವುದಿಲ್ಲ. ಇದೇ ಶಿಸ್ತು ಹೋದ ತಿಂಗಳು ನನ್ನನ್ನು ಹಳ್ಳಕ್ಕೆ ಕೆಡವಿತು.

ಹೊಸ ಕಾರು ಕೊಂಡೆ. ಶೋರೂಮಿನಲ್ಲಿ ರೂಢಿಯಂತೆ ಟವೆಲ್ ಹಾಸಿ ಮ್ಯಾನೇಜರರ ಕೈ ಹಿಡಿದರೆ, ಅವರು ಬೆಚ್ಚಿಬಿದ್ದು, “ಏನ್ ಮಾಡಾಕತ್ತೀರಿ ಯಜಮಾನ್ರ? ಮಂದಿ ನೋಡಾಕತ್ತಾರ!” ಎಂದು ಕೈ ಕಿತ್ತುಕೊಂಡರು. ನಾಲ್ಕು ರಬ್ಬರ್ ಚಾಪೆ ಪುಕ್ಕಟೆ ಸಿಕ್ಕವು, ಅಷ್ಟೇ.

ಶೆಡ್ಡಿನಲ್ಲಿ ಜಾಗ ಒಂದೇ ಕಾರಿಗೆ. ಹಳೆಯದು ಹೋಗಲೇಬೇಕಿತ್ತು. ದುಂಡು ಬೆನ್ನಿನ ಬಿಳಿ ಕಾರು, ಗೇರು ಸ್ಟೇರಿಂಗಿನ ಕೊರಳಿಗೇ ಜೋತುಬಿದ್ದದ್ದು. ಸವದತ್ತಿಯಲ್ಲಿ ನಿಲ್ಲಬೇಕೆಂದರೆ ಎರಡು ಕಿಲೋಮೀಟರ್ ಮೊದಲೇ ಮನಸ್ಸು ಮಾಡಬೇಕು. ಆದರೆ ನನ್ನ ಹೆಂಡತಿ ನೀಲವ್ವ, ಅವಳ ಇಬ್ಬರು ತಂಗಿಯರು, ಅವರ ಮಕ್ಕಳು, ರೊಟ್ಟಿಯ ಗಂಟು ಎಲ್ಲವನ್ನೂ ತುಂಬಿಕೊಂಡು ಅವಳ ತವರು ಕಿತ್ತೂರಿಗೆ ಉಸ್ಸೆನ್ನದೆ ಹೋಗುತ್ತಿತ್ತು. ಹೊಸದಕ್ಕೆ ತಂಪು ಗಾಳಿಯಿದೆ, ಬೆನ್ನಿಗೆ ಕಣ್ಣಿದೆ, ಬಾಯಿಯೂ ಇದೆ. ಯರಗಟ್ಟಿಯಲ್ಲಿ ಜೋಳದ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟರೆ ‘ಟಿಂವ್ ಟಿಂವ್’ ಎಂದು ಒಂದೇ ಸಮನೆ ಕೂಗಾಟ. ಕೊನೆಗೆ ಚೀಲಕ್ಕೆ ಬೆಲ್ಟ್ ಕಟ್ಟಿದೆ. ದಾರಿಯಲ್ಲಿ ಪರಿಚಯದವರೊಬ್ಬರು ಬಗ್ಗಿ ನೋಡಿ, “ಯಾರ್ರಿ, ಬೀಗರೇನು?” ಎಂದರು.

“ಹಳೇದು ಮಾರಬ್ಯಾಡ್ರಿ,” ಎಂದಳು ನೀಲವ್ವ. “ನಮ್ಮ ತಂಗ್ಯಾರನ್ನ ಎಲ್ಲಿ ಕುಂಡರಸ್ತೀರಿ, ಡಿಕ್ಕಿಯೊಳಗ?”

“ಯಾಪಾರದಾಗ ನೀ ಬಾಯಿ ಹಾಕಬ್ಯಾಡ,” ಎಂದೆ.

“ಬಾಯಿ ಹಾಕೂದಿಲ್ಲ ಬಿಡ್ರಿ,” ಎಂದು ಒಳಗೆ ಹೋದಳು. ಅಷ್ಟು ಬೇಗ ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ರಾಮದುರ್ಗದಿಂದ ಬಸಪ್ಪ ಎಂಬ ಗಿರಾಕಿ ಬಂದರು. ಕಟ್ಟೆಯ ಮೇಲೆ ಕೂತು ಟವೆಲ್ ಹಾಸಿದೆವು. ಬೆರಳೊಂದಕ್ಕೆ ಹತ್ತು ಸಾವಿರ. ಅವರು ನಾಲ್ಕು ಹಿಡಿದರು, ನಾನು ಏಳು ಹಿಡಿದೆ. ಅವರು ನಾಲ್ಕೇ, ನಾನು ಏಳೇ. ನನ್ನ ಕಣ್ಣು ಬೇವಿನ ಮರದ ಕಾಗೆಯ ಮೇಲೆ. ಅಷ್ಟರಲ್ಲಿ ನೀಲವ್ವ ಚಹಾ ತಂದಳು. ಗಿರಾಕಿಯ ಕೈ ಸರಿಯಿತು, ತಿರುಗಿ ಬಂತು. ಐದು ಬೆರಳು ಗಟ್ಟಿಯಾಗಿ ಅಮುಕಿ ಬಿಟ್ಟಿತು; ಮೇಲೆ ಎರಡು. ಏಳು!

“ಆತು!” ಎಂದು ಕೂಗಿದ್ದಕ್ಕೆ ಕಾಗೆ ಹಾರಿಹೋಯಿತು.

ತಿರುಗಿ ನೋಡಿದರೆ ಬಸಪ್ಪನವರ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ಅದರ ಬಸಿ. ನನ್ನ ಬೆರಳು ಹಿಡಿದು ಕೂತವಳು, ಸದ್ದಾಗದಂತೆ ಬಳೆಗಳನ್ನೆಲ್ಲ ಮೊಳಕೈಗೆ ಏರಿಸಿಕೊಂಡ ನೀಲವ್ವ.

“ಬಾಯಿ ಹಾಕಿಲ್ರಿ. ಕೈ ಅಷ್ಟ ಹಾಕೇನಿ.”

“ಆತು ಅಂದ್ರಲ್ರಿ ಯಜಮಾನ್ರ! ನಾನ ಸಾಕ್ಷಿ,” ಎಂದು ಬಸಪ್ಪ ಚಹಾ ತುಳುಕುವಂತೆ ನಕ್ಕರು.

“ಮತ್ತ ರೊಕ್ಕ?” ಎಂದೆ ಕ್ಷೀಣವಾಗಿ.

“ಮೂವತ್ತ ವರ್ಷ ರೊಟ್ಟಿ ಬಡದೇನಲ್ಲ, ಅದರಾಗ ಮುರಕೋರಿ.”

ಸಂತೆಯ ಕೈಗಳನ್ನೆಲ್ಲ ಮುಟ್ಟಿ ಗುರುತಿಸುವವನಿಗೆ ಕೈಹಿಡಿದವಳ ಕೈ ಗುರುತು ಸಿಗಲಿಲ್ಲ. ಈಗ ಹಳೆಯದು ಶೆಡ್ಡಿನಲ್ಲಿದೆ. ಹೊಸದು ಬೇವಿನ ಕೆಳಗೆ, ಆ ಕಾಗೆಯ ವಶದಲ್ಲಿ. ನೀಲವ್ವ ಕಾರು ಕಲಿಯುತ್ತಿದ್ದಾಳೆ, ಕಲಿಸುವವನು ನಾನು. ಹಳೇ ಕಾರಿಗೆ ‘ಟಿಂವ್ ಟಿಂವ್’ ಇಲ್ಲದ ಕೊರತೆಯನ್ನು ಪಕ್ಕದಲ್ಲಿ ಕೂತು ನಾನೇ ತುಂಬುತ್ತೇನೆ.

“ಜ್ವಾಳದ ಚೀಲಾದ್ರೂ ಸುಮ್ನ ಕುಂತಿರತಿತ್ತು!” ಎನ್ನುತ್ತಾಳೆ.

ಹಳೇ ಕಾರಿಗೆ ಬೆಲ್ಟೂ ಇಲ್ಲ ನೋಡಿ. ಟವೆಲ್ಲನ್ನೇ ಬಾಗಿಲಿನ ಹಿಡಿಕೆಗೆ ಸುತ್ತಿ, ಸೊಂಟಕ್ಕೆ ಬಿಗಿದುಕೊಂಡು ಕೂತಿರುತ್ತೇನೆ.